ಭಾರ ಇಳಿಸಿಕೊಂಡು ದೂರ ತೆರುವ ಲೆಕ್ಕ

ರಾಯಚೂರಿನ ಕೋಟೆಯ ಗೋಡೆಯಲ್ಲಿ ಸುಮಾರು 41 ಅಡಿ ಉದ್ದದ ಒಂದೇ ಕಲ್ಲಿನ ಚಪ್ಪಡಿಯಿದೆ. ಕಾಕತೀಯರ ಅಧಿಕಾರಿಯಾಗಿದ್ದ ಗೋರೆ ಗನ್ನಯ ರೆಡ್ಡಿಯ ಅಪ್ಪಣೆಯಂತೆ ವಿಠ್ಠಲನಾಥನು ಕೋಟೆಯನ್ನು ಕಟ್ಟಿಸಿದನೆಂದು ಅದರ ಮೇಲಿನ 1294ರ ಶಾಸನ ಹೇಳುತ್ತದೆ. ಕೋಟೆ ನೋಡಲು ಬಂದವರು ಚಪ್ಪಡಿಯ ಉದ್ದಕ್ಕೆ ಬೆರಗಾಗಿ, ಶಾಸನದ ಮುಂದೆ ನಿಂತು ಫೋಟೊ ತೆಗೆದುಕೊಂಡು ಮುಂದೆ ಹೋಗುತ್ತಾರೆ. ನನ್ನನ್ನು ಪ್ರತಿ ಸಲ ತಡೆದು ನಿಲ್ಲಿಸುವುದು ಶಾಸನಕ್ಕಿಂತ ಹೆಚ್ಚಾಗಿ ಅದರ ಸಮೀಪದಲ್ಲೇ ಕಲ್ಲಿನ ಮೇಲೆ ಗೀರಿರುವ ಒಂದು ಚಿತ್ರ. ಆ ಭಾರೀ ಚಪ್ಪಡಿಯನ್ನು ಗಣಿಯಿಂದ ಕೋಟೆಗೆ ತಂದ ಬಗೆಯನ್ನು ಆ ಕಾಲದವರೇ ಅಲ್ಲಿ ಬರೆದಿಟ್ಟಿದ್ದಾರೆ. ಅರೆಗಳಿಲ್ಲದ ಗಟ್ಟಿ ಗಾಲಿಗಳ ಬಂಡಿಯ ಮೇಲೆ ಚಪ್ಪಡಿ ಮಲಗಿದೆ. ಮುಂದೆ ಕೋಣಗಳ ಉದ್ದನೆಯ ಸಾಲು ಎಳೆಯುತ್ತಿದೆ. ನಡುನಡುವೆ ಅವುಗಳನ್ನು ಹುರಿದುಂಬಿಸುವ ಆಳುಗಳಿದ್ದಾರೆ. ಬಂಡಿಯ ಹಿಂದೆ ಕೆಲವರು ಗಾಲಿಗಳ ಅಡಿಗೆ ಮರದ ಸನ್ನೆಗೋಲುಗಳನ್ನು ಕೊಟ್ಟು ಮೀಟುತ್ತಿದ್ದಾರೆ.

ಹಿಂದೆ ನಿಂತು ಮೀಟುವ ಆ ಜನರನ್ನು ಚಿತ್ರಕಾರನು ಬಿಟ್ಟುಬಿಡಬಹುದಾಗಿತ್ತು. ವೈಭವವನ್ನು ತೋರಿಸಲು ಕೋಣಗಳ ಸಾಲೊಂದೇ ಸಾಕಾಗುತ್ತಿತ್ತು. ಆದರೆ ಕೆಲಸವನ್ನು ಕಣ್ಣಾರೆ ಕಂಡವನಿಗೆ ಬಂಡಿ ಹೂತುಕೊಂಡಾಗ ಅಥವಾ ಗಾಲಿಗೆ ಕಲ್ಲು ಅಡ್ಡ ಬಂದಾಗ ಏನಾಗುತ್ತದೆಂಬುದು ಗೊತ್ತಿತ್ತು. ಎಲ್ಲ ಕೋಣಗಳೂ ಒಂದೇ ಗಳಿಗೆಯಲ್ಲಿ ಒಂದೇ ಬಿರುಸಿನಿಂದ ಎಳೆಯುವುದಿಲ್ಲ. ನಿಂತ ಬಂಡಿಯನ್ನು ಅಲುಗಿಸಲು ಬೇಕಾಗುವ ಬಲವು ಓಡುವ ಬಂಡಿಯನ್ನು ಓಡಿಸಲು ಬೇಕಾಗುವ ಬಲಕ್ಕಿಂತ ಬಹಳ ಹೆಚ್ಚು. ಆಗ ಸನ್ನೆಗೋಲು ಹಿಡಿದವನು ಗಾಲಿಯನ್ನು ನಾಲ್ಕು ಬೆರಳಿನಷ್ಟು ಮೀಟಿ ಮುಂದೆ ತಳ್ಳುತ್ತಾನೆ. ಅಷ್ಟು ಸಾಕು, ಉಳಿದದ್ದನ್ನು ಕೋಣಗಳು ನೋಡಿಕೊಳ್ಳುತ್ತವೆ. ಅವನು ಆ ನಾಲ್ಕು ಬೆರಳಿಗಾಗಿ ತನ್ನ ಕೈಯನ್ನು ಮೂರು ನಾಲ್ಕು ಅಡಿ ಚಲಿಸಬೇಕಾಗುತ್ತದೆ, ಮತ್ತೆ ಕೋಲನ್ನು ಹೊಸದಾಗಿ ಊರಬೇಕಾಗುತ್ತದೆ. ಸರಳ ಯಂತ್ರಗಳ ಕುರಿತು ಶಾಲೆಯಲ್ಲಿ ಕಲಿಸುವುದೆಲ್ಲ ಆ ಗೀರುಗಳೊಳಗೆ ಇದೆಯೆಂದು ನನಗೆ ಅನ್ನಿಸುತ್ತದೆ.

ತತ್ತ್ವ ಸರಳವಾದದ್ದು. ಸನ್ನೆಗೋಲು ಒಂದು ವಿನಿಮಯ ಮಾತ್ರ. ಅದು ಯಾರಿಗೂ ಏನನ್ನೂ ಪುಕ್ಕಟೆ ಕೊಡುವುದಿಲ್ಲ. ಭಾರದ ಲೆಕ್ಕದಲ್ಲಿ ಉಳಿಸಿದ್ದನ್ನು ಅದು ದೂರದ ಲೆಕ್ಕದಲ್ಲಿ ವಸೂಲಿ ಮಾಡುತ್ತದೆ. ಐದು ಅಡಿ ಉದ್ದದ ಒಂದು ಹಾರೆಯನ್ನು ತೆಗೆದುಕೊಳ್ಳೋಣ. ಅದರ ತುದಿಯಿಂದ ಅರ್ಧ ಅಡಿಯ ಮೇಲೆ ಹಾರೆಗೆ ಆಧಾರವಾಗಿ ಒಂದು ಅಡಿಗಲ್ಲನ್ನು ಇಟ್ಟರೆ ಭಾರದ ಕಡೆಯ ತೋಳು ಅರ್ಧ ಅಡಿ, ಕೈಯ ಕಡೆಯ ತೋಳು ನಾಲ್ಕೂವರೆ ಅಡಿ. ಅಂದರೆ ಒಂಬತ್ತು ಪಟ್ಟು. ಹಾರೆಯ ತುದಿಯಲ್ಲಿ 180 ಕಿಲೊ ಒತ್ತುವ ಕಲ್ಲನ್ನು ಈಚೆ ತುದಿಯಲ್ಲಿ 20 ಕಿಲೊ ಭಾರ ಹಾಕಿ ಎಬ್ಬಿಸಬಹುದು. ಈ ಒಂಬತ್ತು ಪಟ್ಟನ್ನೇ ಪಠ್ಯಪುಸ್ತಕಗಳು ಯಾಂತ್ರಿಕ ಲಾಭ ಎನ್ನುತ್ತವೆ. ಆದರೆ ಕಲ್ಲು ಒಂದು ಅಂಗುಲ ಏಳಬೇಕಾದರೆ ಕೈ ಒಂಬತ್ತು ಅಂಗುಲ ಇಳಿಯಬೇಕು. 180ನ್ನು 1ರಿಂದ ಗುಣಿಸಿದರೂ 20ನ್ನು 9ರಿಂದ ಗುಣಿಸಿದರೂ ಬರುವುದು ಒಂದೇ ಸಂಖ್ಯೆ. ಕ್ರಿಸ್ತಪೂರ್ವ ಮೂರನೆಯ ಶತಮಾನದಲ್ಲಿ ಆರ್ಕಿಮಿಡೀಸನು ಈ ಸಮತೋಲದ ನಿಯಮವನ್ನು ರೇಖಾಗಣಿತದ ಕಟ್ಟುನಿಟ್ಟಿನಲ್ಲಿ ಸಾಧಿಸಿ ತೋರಿಸಿದ. ಕಲ್ಲು ಎಬ್ಬಿಸುವವರ ಕೈಗೆ ಅದು ಅದಕ್ಕೂ ಬಹಳ ಹಿಂದೆಯೇ ತಿಳಿದಿತ್ತು.

ಪಾಠ ಹೇಳುವಾಗ ನಾವು ಸಾಮಾನ್ಯವಾಗಿ ದಾಟಿಸಿಬಿಡುವ ಒಂದು ಸಂಗತಿಯನ್ನು ಇಲ್ಲಿ ಸ್ವಲ್ಪ ವಿಸ್ತರಿಸಬೇಕು. ಮೇಲಿನ ಉದಾಹರಣೆಯಲ್ಲಿ ಅಡಿಗಲ್ಲಿನ ಮೇಲೆ ಬೀಳುವ ಭಾರ ಎಷ್ಟು? ಎರಡೂ ಕಡೆಯ ಒತ್ತಡ ಸೇರಿ 200 ಕಿಲೊ. ಮನುಷ್ಯ ಹಾಕಿದ್ದು 20 ಕಿಲೊ, ಎದ್ದದ್ದು 180 ಕಿಲೊ, ಎರಡನ್ನೂ ಹೊತ್ತದ್ದು ಮಧ್ಯದ ಆ ಅಡಿಗಲ್ಲು. ಬಂಡೆಗಳ ಸೀಮೆಯಾದ ಆನೆಗೊಂದಿಯ ಕಡೆ, ಬಳ್ಳಾರಿಯ ಗುಡ್ಡಗಳ ಬುಡದಲ್ಲಿ ಇದರ ಕಷ್ಟ ತಿಳಿಯುವುದಿಲ್ಲ. ಎಲ್ಲಿ ಊರಿದರೂ ನೆಲ ಗಟ್ಟಿ. ಆದರೆ ಸಿಂಧನೂರು, ಮಾನ್ವಿ, ಕುಕನೂರು, ಸಿರುಗುಪ್ಪಗಳ ಎರೆ ಹೊಲದಲ್ಲಿ, ಅದರಲ್ಲೂ ಒಂದು ಮಳೆ ಬಿದ್ದ ಮೇಲೆ, ಹೊಲದ ಬದುವಿನ ಕಲ್ಲನ್ನು ಎಬ್ಬಿಸಲು ಹೋದರೆ ಕಲ್ಲಿನ ಬದಲು ಅಡಿಗಲ್ಲೇ ಕೆಳಗೆ ಇಳಿಯುತ್ತದೆ. ಕೈ ಒಂಬತ್ತು ಅಂಗುಲ ಇಳಿದರೂ ಆ ದೂರವನ್ನೆಲ್ಲ ಮಣ್ಣು ನುಂಗಿಕೊಂಡಿರುತ್ತದೆ. ಅದಕ್ಕೇ ಎರೆ ಸೀಮೆಯ ರೈತರು ಅಡಿಗಲ್ಲಿನ ಕೆಳಗೆ ಅಗಲವಾದ ಹಲಗೆಯನ್ನೋ ತೆಳುವಾದ ಪರಸಿ ಕಲ್ಲನ್ನೋ ಹಾಕುತ್ತಾರೆ. 200 ಕಿಲೊ ಭಾರವು ಅಂಗೈಯಷ್ಟು ಜಾಗದ ಬದಲು ಎರಡು ಅಡಿ ಅಗಲದ ಮೇಲೆ ಹರಡಿದಾಗ ಎರೆ ಮಣ್ಣೂ ತಡೆದುಕೊಳ್ಳುತ್ತದೆ. ಸನ್ನೆಗೋಲಿನ ಚಿತ್ರದಲ್ಲಿ ಪುಟ್ಟ ತ್ರಿಕೋನವಾಗಿ ಬರೆದು ಮರೆತುಬಿಡುವ ಆಧಾರ ಬಿಂದು, ನಿಜವಾದ ನೆಲದ ಮೇಲೆ ಇಡೀ ಕೆಲಸದ ಹಣೆಬರಹವನ್ನು ನಿರ್ಧರಿಸುತ್ತದೆ.

ಬಲವನ್ನು ಎಷ್ಟು ಪಟ್ಟು ಹೆಚ್ಚಿಸಿದರೂ ಅದು ಕೊನೆಗೆ ಯಾವುದೋ ಒಂದು ಕೊಂಡಿಯ ಮೂಲಕ ಹಾದುಹೋಗಲೇಬೇಕು ಎಂಬುದನ್ನು ರಾಯಚೂರು, ಕೊಪ್ಪಳ, ಬಳ್ಳಾರಿ ಈ ನಮ್ಮ ಮೂರು ಜಿಲ್ಲೆಗಳ ಜನ 2024ರ ಆಗಸ್ಟ್ 10ರ ರಾತ್ರಿ ತಿಳಿದುಕೊಂಡರು. ತುಂಗಭದ್ರಾ ಅಣೆಕಟ್ಟೆಯ 33 ಕ್ರಸ್ಟ್ ಗೇಟುಗಳಲ್ಲಿ 19ನೆಯದರ ಚೈನ್ ಲಿಂಕ್ ತುಂಡಾಗಿ ಗೇಟೇ ಕೊಚ್ಚಿಹೋಯಿತು. ಒಂದೊಂದು ಗೇಟೂ 60 ಅಡಿ ಅಗಲ, 20 ಅಡಿ ಎತ್ತರದ್ದು. ಅದರ ಪೂರ್ತಿ ಎತ್ತರಕ್ಕೆ ನೀರು ನಿಂತಾಗ ಗೇಟಿನ ಮೇಲೆ ಅಡ್ಡಲಾಗಿ ಬೀಳುವ ಒತ್ತಡವನ್ನು ಲೆಕ್ಕ ಹಾಕಿದರೆ ಸುಮಾರು 340 ಟನ್ ಆಗುತ್ತದೆ. ಅಂಥ ಒತ್ತಡಕ್ಕೆ ಸಿಕ್ಕ ಗೇಟನ್ನು ಹಲ್ಲುಗಾಲಿಗಳ ಸಾಲಿನಿಂದ ನಿಧಾನವಾಗಿ ಮೇಲೆತ್ತಬಹುದು. ಸಣ್ಣ ಗಾಲಿ ಬಹಳ ಸುತ್ತು ತಿರುಗಿದಾಗ ದೊಡ್ಡದು ಸ್ವಲ್ಪವೇ ತಿರುಗುತ್ತದೆ, ಬಲ ಬೆಳೆಯುತ್ತದೆ. ಆದರೆ ಬೆಳೆದ ಬಲವನ್ನು ಗೇಟಿಗೆ ಮುಟ್ಟಿಸುವ ಸರಪಳಿಯ ಒಂದೊಂದು ಕೊಂಡಿಯೂ ಪೂರ್ತಿ ಭಾರವನ್ನು ಹೊರಬೇಕು, ಅಲ್ಲಿ ಪಾಲು ಹಂಚಿಕೆಯಿಲ್ಲ. ಹರಿಯುವ ನೀರಿನ ನಡುವೆಯೇ ಉಕ್ಕಿನ ತುಂಡುಗಳನ್ನು ಒಂದರ ಮೇಲೊಂದು ಇಳಿಸಿ ಆ ಕಂಡಿಯನ್ನು ಮುಚ್ಚಿದವರ ಕೆಲಸವನ್ನು ನೆನೆದರೆ ಇಂದಿಗೂ ಕೈಮುಗಿಯಬೇಕೆನ್ನಿಸುತ್ತದೆ. ಕಾಲುವೆಯ ಕೊನೆಯ ಹೊಲಗಳವರೆಗೂ ಎಲ್ಲರ ಬೆಳೆಯೂ ಆ ಕಂಡಿಯ ಮೇಲೆ ನಿಂತಿತ್ತು.

ಹಳೆಯ ಕಾಲದ ಕಡೆಗೆ ಇನ್ನೊಮ್ಮೆ ತಿರುಗುವುದಾದರೆ, ಕೊಪ್ಪಳ ಜಿಲ್ಲೆಯ ಗಂಗಾವತಿ ತಾಲೂಕಿನ ಹಿರೇಬೆಣಕಲ್ ಗುಡ್ಡದ ಮೇಲೆ ಎರಡು ಸಾವಿರ ವರ್ಷಗಳಿಗೂ ಹಿಂದಿನ ನೂರಾರು ಶಿಲಾಸಮಾಧಿಗಳಿವೆ. 2021ರಲ್ಲಿ ಅದು ಯುನೆಸ್ಕೊದ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಗೂ ಸೇರಿದೆ. ನಾಲ್ಕು ಚಪ್ಪಡಿಗಳನ್ನು ನಿಲ್ಲಿಸಿ ಮೇಲೊಂದು ಚಪ್ಪಡಿ ಹೊದಿಸಿದ ಆ ಕಲ್ಲಿನ ಕೋಣೆಗಳ ಮುಂದೆ ನಿಂತವರು ಇದನ್ನು ರಾಕ್ಷಸರೇ ಕಟ್ಟಿರಬೇಕು ಎಂದು ಸುಲಭವಾಗಿ ಹೇಳಿಬಿಡುತ್ತಾರೆ. ನಾನು ಲೆಕ್ಕ ಹಾಕಿ ನೋಡುವವನು. ಎರಡು ಮೀಟರ್ ಉದ್ದ, ಎರಡು ಮೀಟರ್ ಅಗಲ, 20 ಸೆಂಟಿಮೀಟರ್ ದಪ್ಪದ ಗ್ರಾನೈಟ್ ಚಪ್ಪಡಿಯೊಂದು ಸುಮಾರು ಎರಡು ಟನ್ ತೂಗುತ್ತದೆ. ಅದರ ಒಂದು ಅಂಚನ್ನು ಮಾತ್ರ ಎಬ್ಬಿಸುವುದಾದರೆ ಒಂದು ಟನ್ನಿನಷ್ಟು ಬಲ ಸಾಕು, ಏಕೆಂದರೆ ಉಳಿದರ್ಧವನ್ನು ನೆಲದ ಮೇಲಿರುವ ಇನ್ನೊಂದು ಅಂಚು ಹೊತ್ತಿರುತ್ತದೆ. ಒಂಬತ್ತು ಪಟ್ಟಿನ ನಾಲ್ಕು ಸನ್ನೆಗೋಲುಗಳಿದ್ದರೆ ಒಬ್ಬೊಬ್ಬನ ಪಾಲಿಗೆ ಬರುವುದು 30 ಕಿಲೊಗಿಂತ ಕಡಿಮೆ. ಅಂಚು ಒಂದೆರಡು ಅಂಗುಲ ಎದ್ದ ಕೂಡಲೇ ಕೆಳಗೆ ಚಕ್ಕೆ ಕಲ್ಲು ತುರುಕಿ, ಆಚೆಯ ಅಂಚನ್ನು ಎಬ್ಬಿಸಿ, ಅಲ್ಲೂ ಚಕ್ಕೆ ತುರುಕಿ, ಹೀಗೆ ಏರಿಸುತ್ತ ಹೋದರೆ ಚಪ್ಪಡಿ ತಾನಾಗಿ ಮೇಲೆ ಬರುತ್ತದೆ. ಇದಕ್ಕೆ ರಾಕ್ಷಸರು ಬೇಕಿಲ್ಲ. ಅವಸರ ಮಾಡದ ಹತ್ತಾರು ಜನರೂ ಬಹಳಷ್ಟು ಹಗಲುಗಳೂ ಬೇಕು. ಅಲ್ಲಿಂದ ತುಂಗಭದ್ರೆಯ ಕಡೆ ಇಳಿದು ಬಂದರೆ ಆನೆಗೊಂದಿ, ಹಂಪಿಗಳ ಬಂಡೆಗಳ ಮೇಲೆ ವಿಜಯನಗರದ ಕಲ್ಲುಕುಟಿಗರು ಬೆಣೆ ಹೊಡೆಯಲು ಕೊರೆದ ಕುಳಿಗಳ ನೇರ ಸಾಲುಗಳು ಇಂದಿಗೂ ಕಾಣುತ್ತವೆ. ಬೆಣೆ ಕೆಳಗಿಳಿಯುವ ದೂರ ದೊಡ್ಡದು, ಬಂಡೆ ಬಿರಿಯುವ ದೂರ ಕೂದಲಿನಷ್ಟು. ಅಲ್ಲಿಯೂ ಅದೇ ವಿನಿಮಯ.

ಆದರೆ ನಾನು ಕಂಡ ಸನ್ನೆಗೋಲುಗಳಲ್ಲೆಲ್ಲ ಅತ್ಯಂತ ಸೂಕ್ಷ್ಮವಾದದ್ದು ಯಾವುದೆಂದು ಕೇಳಿದರೆ ನಾನು ನೊಗ ಎನ್ನುತ್ತೇನೆ. ಎತ್ತುಗಳ ಹೆಗಲ ಮೇಲೆ ಅಡ್ಡಲಾಗಿ ಕುಳಿತ ಮರದ ತುಂಡನ್ನು ಯಾರೂ ಯಂತ್ರವೆಂದು ಕರೆಯುವುದಿಲ್ಲ. ನಮ್ಮ ಕಾಕಾ ಒಬ್ಬರು ಕುಂಟೆ ಹೊಡೆಯುವ ಮುಂಚೆ ನೊಗದ ನಡುವಿನಲ್ಲಿ ಕುಂಟೆಯ ಉದ್ದನೆಯ ಕೋಲಾದ ಈಸನ್ನು ಬಿಗಿಯುವ ಮಿಣಿಯನ್ನು, ಅಂದರೆ ಹಗ್ಗವನ್ನು, ಒಮ್ಮೆ ಬಿಚ್ಚಿ, ಎರಡು ಬೆರಳು ಸರಿಸಿ, ಮತ್ತೆ ಕಟ್ಟುತ್ತಿದ್ದರು. ಯಾಕೆ ಕಾಕಾ ಎಂದು ಕೇಳಿದಾಗ, "ಬಿರುಸು ಎತ್ತಿನ ಕಡೆ ಗಿಡ್ಡ ಮಾಡಬೇಕಪ, ಸೋತ ಎತ್ತಿನ ಕಡೆ ಉದ್ದ ಬಿಡಬೇಕು. ಇಲ್ಲಂದ್ರ ಸೋತದ್ದು ಮಧ್ಯಾಹ್ನಕ್ಕ ಮಲಗತೈತಿ" ಎಂದಿದ್ದರು. ಎತ್ತುಗಳ ಹೆಗಲುಗಳ ನಡುವಿನ ಅಂತರ ನಾಲ್ಕು ಅಡಿಯೆಂದು ಇಟ್ಟುಕೊಂಡರೆ, ಮಿಣಿ ನಟ್ಟನಡುವೆ ಇದ್ದಾಗ ಎರಡೂ ತೋಳುಗಳು 24 ಅಂಗುಲ, ಎರಡೂ ಎತ್ತುಗಳಿಗೆ ಅರ್ಧರ್ಧ ಎಳೆತ. ಮಿಣಿಯನ್ನು ಬಿರುಸು ಎತ್ತಿನ ಕಡೆಗೆ ಎರಡು ಅಂಗುಲ ಸರಿಸಿದರೆ ತೋಳುಗಳು 22 ಮತ್ತು 26 ಆಗುತ್ತವೆ. ಕುಂಟೆಗೆ 100 ಕಿಲೊ ಎಳೆತ ಬೇಕಾದಲ್ಲಿ ಬಿರುಸು ಎತ್ತು 54, ಸೋತ ಎತ್ತು 46 ಎಳೆಯುತ್ತದೆ. ಎರಡು ಅಂಗುಲಕ್ಕೆ ಎಂಟು ಕಿಲೊ ವ್ಯತ್ಯಾಸ. ಒಂದು ಹಗಲು ಪೂರ್ತಿ ಮುಂಗಾರಿ ಹೊಲವನ್ನು ಹರಗುವ ಪ್ರಾಣಿಗೆ ಆ ಎಂಟು ಕಿಲೊ ಏನೆಂಬುದು ಅದರ ಪಕ್ಕದಲ್ಲೇ ನಡೆಯುವವನಿಗೆ ಗೊತ್ತು. ಇಲ್ಲಿ ಸನ್ನೆಗೋಲಿನ ನಿಯಮವು ಭಾರವನ್ನು ಎತ್ತಲು ಬಳಕೆಯಾಗುವುದಿಲ್ಲ. ಒಂದೇ ದುಡಿಮೆಯನ್ನು ಇಬ್ಬರ ಶಕ್ತಿಗೆ ತಕ್ಕಂತೆ ಹಂಚಲು ಬಳಕೆಯಾಗುತ್ತದೆ. ಇಷ್ಟು ದಯೆಯುಳ್ಳ ಭೌತಶಾಸ್ತ್ರವನ್ನು ನಾನು ಬೇರೆಲ್ಲೂ ಕಂಡಿಲ್ಲ. ಟ್ರ್ಯಾಕ್ಟರುಗಳು ಬಂದ ಮೇಲೆ ಅದನ್ನು ಬಲ್ಲ ಕೈಗಳು ಕಡಿಮೆಯಾಗುತ್ತಿವೆ ಎಂಬ ಕಾರಣಕ್ಕಾಗಿಯಾದರೂ ಇದನ್ನು ಬರೆದಿಡಬೇಕೆನ್ನಿಸಿತು.

ಎತ್ತುಗಳ ಮಾತು ಬಂದದ್ದರಿಂದ ಕಪಿಲೆ ಬಾವಿಯನ್ನೂ ಹೇಳಬೇಕು. ಬಾವಿಯ ಬಾಯಿಗೆ ಗಡಗಡಿ ಎಂಬ ರಾಟೆ, ಅದರ ಮೇಲಿಂದ ಹಗ್ಗ, ಹಗ್ಗದ ತುದಿಗೆ ನೀರು ತುಂಬುವ ತೊಗಲಿನ ಚೀಲ. ಒಂಟಿ ಗಡಗಡಿ ಬಲವನ್ನು ಹೆಚ್ಚಿಸುವುದಿಲ್ಲ, ಎಳೆಯುವ ದಿಕ್ಕನ್ನು ಬದಲಿಸುತ್ತದೆ, ಅಷ್ಟೆ. ಜಾಣತನವೆಲ್ಲ ಎತ್ತುಗಳು ನಡೆಯುವ ದಾರಿಯಲ್ಲಿದೆ; ಅದನ್ನು ಬಾವಿಯಿಂದ ಆಚೆಗೆ ಇಳಿಜಾರಾಗಿ ಅಗೆದಿರುತ್ತಾರೆ. ಆರಕ್ಕೆ ಒಂದರಂತೆ ಇಳಿಯುವ ದಾರಿಯಲ್ಲಿ 300 ಕಿಲೊ ತೂಗುವ ಎತ್ತು ಬರೀ ತನ್ನ ಮೈಭಾರದಿಂದಲೇ ಸುಮಾರು 50 ಕಿಲೊ ಎಳೆತವನ್ನು ಕೊಡುತ್ತದೆ. ಚೀಲ ತುಂಬಿದ್ದಾಗ ಇಳಿಜಾರು ನೆರವಾಗುತ್ತದೆ, ಚೀಲ ಖಾಲಿಯಾಗಿ ಬಾವಿಗೆ ಇಳಿಯುವಾಗ ಎತ್ತು ಏರು ಹತ್ತಿ ಆ ಸಾಲವನ್ನು ತೀರಿಸುತ್ತದೆ. ಒಟ್ಟು ಶ್ರಮ ಒಂದು ಗುಲಗಂಜಿಯೂ ಕಡಿಮೆಯಾಗಲಿಲ್ಲ, ಆದರೆ ಒಮ್ಮೆಗೇ ಮೈಮೇಲೆ ಬೀಳುವುದು ತಪ್ಪಿತು.

ಆ ಬಾವಿಗಳ ಕಾಲ ಮುಗಿದ ಮೇಲೆ ನಮ್ಮ ಊರುಗಳಿಗೆ ಬಂದದ್ದು ಕೈಪಂಪು. ನಮ್ಮ ಕಡೆಯವರು ಅದನ್ನು ಬೋರಿಂಗ್ ಎಂದೇ ಕರೆಯುತ್ತಾರೆ. ಗುಡಿಯ ಮುಂದೆ, ಶಾಲೆಯ ಅಂಗಳದಲ್ಲಿ, ಕೇರಿಯ ತುದಿಯಲ್ಲಿ ನಿಂತ ಆ ಕಬ್ಬಿಣದ ಪಂಪಿನ ಹೆಸರು ಇಂಡಿಯಾ ಮಾರ್ಕ್ 2. ಹೊರದೇಶಗಳಲ್ಲಿ ಒಂದು ಮನೆಯವರ ಬಳಕೆಗೆಂದು ಮಾಡಿದ ಎರಕದ ಕಬ್ಬಿಣದ ಪಂಪುಗಳನ್ನು ಇಲ್ಲಿ ಇಡೀ ಊರೇ ಬಳಸತೊಡಗಿದಾಗ ಅವು ಮುರಿದು ಬೀಳುತ್ತಿದ್ದವು. ಆ ಕಷ್ಟದಿಂದಲೇ 1970ರ ದಶಕದಲ್ಲಿ, ಸೊಲ್ಲಾಪುರದ ಪಂಪನ್ನು ಮಾದರಿಯಾಗಿ ಇಟ್ಟುಕೊಂಡು, ಯೂನಿಸೆಫ್ ನೆರವಿನಿಂದ ಈ ಪಂಪು ರೂಪುಗೊಂಡಿತು. ಸನ್ನೆಗೋಲಿನ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಪ್ರಯೋಗಶಾಲೆ ನನಗೆ ಸಿಕ್ಕಿಲ್ಲ.

ಅದರ ತಲೆಯ ಮುಚ್ಚಳ ತೆಗೆದು ಒಳಗೆ ನೋಡಿದವರು ಕಡಿಮೆ. ರಿಪೇರಿಗೆ ಬಂದವರು ಬೋಲ್ಟ್ ಬಿಚ್ಚಿದಾಗ ಬಗ್ಗಿ ನೋಡಿದರೆ, ಹಿಡಿಕೆಯ ಒಳತುದಿಯಲ್ಲಿ ಕಮಾನಿನಂತೆ ಬಾಗಿದ ಒಂದು ಭಾಗ ಕಾಣುತ್ತದೆ. ಅದರ ಬೆನ್ನ ಮೇಲೆ ಗ್ರೀಸ್ ಮೆತ್ತಿದ ಗಿಡ್ಡ ಚೈನು ಒರಗಿ ಕುಳಿತಿರುತ್ತದೆ. ಚೈನಿನ ಕೆಳತುದಿಗೆ ಪಾತಾಳಕ್ಕೆ ಇಳಿದ ಸರಳುಗಳ ಸಾಲು. ಹಿಡಿಕೆ ಮೇಲೆ ಕೆಳಗೆ ಆಡುವಾಗ ಅದರ ಒಳತುದಿ ವೃತ್ತದಲ್ಲಿ ಚಲಿಸುತ್ತದೆ, ಸರಳಾದರೋ ನೆಟ್ಟಗೆ ಏರಿಳಿಯಬೇಕು. ಚೈನು ಆ ಕಮಾನಿನ ಮೇಲೆ ಸುತ್ತಿಕೊಳ್ಳುತ್ತ ಬಿಚ್ಚಿಕೊಳ್ಳುತ್ತ ಇರುವುದರಿಂದ ಸರಳು ಅತ್ತಿತ್ತ ವಾಲದೆ ನೆಟ್ಟಗೇ ಬರುತ್ತದೆ, ಸನ್ನೆಗೋಲಿನ ಗಿಡ್ಡ ತೋಳಿನ ಅಳತೆಯೂ ಆರಂಭದಿಂದ ಕೊನೆಯವರೆಗೆ ಬದಲಾಗದೆ ಉಳಿಯುತ್ತದೆ. ಇಷ್ಟು ಚಿಕ್ಕ ಜಾಗದಲ್ಲಿ ಇಷ್ಟು ಸ್ವಚ್ಛವಾದ ಯೋಚನೆಯನ್ನು ಕೂರಿಸಿದವರ ಬಗ್ಗೆ ನನಗೆ ಅಪಾರ ಗೌರವವಿದೆ.

ಈಗ ಅದರ ಲೆಕ್ಕ. ಪಂಪಿನ ಸಿಲಿಂಡರಿನ ಒಳವ್ಯಾಸ 63.5 ಮಿಲಿಮೀಟರ್. ನೀರು 30 ಮೀಟರ್ ಆಳದಲ್ಲಿದೆಯೆಂದು ಇಟ್ಟುಕೊಳ್ಳೋಣ. ಕೊಳವೆಯಲ್ಲಿ ನಿಂತ ನೀರು ಸಿಲಿಂಡರಿನೊಳಗಿನ ಪಿಸ್ಟನ್ ಮೇಲೆ ಹಾಕುವ ಭಾರ ಸುಮಾರು 95 ಕಿಲೊ. ಹಗ್ಗ ಕಟ್ಟಿ ನೇರವಾಗಿ ಎಳೆಯಬೇಕಾಗಿದ್ದರೆ ಗಟ್ಟಿಮುಟ್ಟಾದ ಗಂಡಸೂ ಬಹಳ ಹೊತ್ತು ತಡೆಯುತ್ತಿರಲಿಲ್ಲ. ಹಿಡಿಕೆಯ ತೋಳುಗಳ ಪ್ರಮಾಣ ಎಂಟಕ್ಕೆ ಒಂದು. ಆದ್ದರಿಂದ ಕೈಗೆ ತಾಕುವುದು ಸುಮಾರು 12 ಕಿಲೊ. ಆರನೆಯ ಈಯತ್ತೆಯ ಹುಡುಗಿಯೂ ತನ್ನ ಮೈಭಾರವನ್ನು ಸ್ವಲ್ಪ ಹಾಕಿ ಅದನ್ನು ಒತ್ತಬಲ್ಲಳು. ಪಿಸ್ಟನ್ ಒಂದು ಸಲಕ್ಕೆ ಏರುವುದು 125 ಮಿಲಿಮೀಟರ್, ಆಗ ಕೈ ಇಳಿಯುವುದು ಅದರ ಎಂಟು ಪಟ್ಟು, ಅಂದರೆ ಒಂದು ಮೀಟರ್. ಒಂದು ಒತ್ತಿಗೆ ಬರುವ ನೀರು 400 ಮಿಲಿಲೀಟರಿನ ಆಸುಪಾಸು. 16 ಲೀಟರಿನ ಕೊಡ ತುಂಬಲು 40 ಸಲ ಒತ್ತಬೇಕು. 40 ಸಲ 12 ಕಿಲೊವನ್ನು ಒಂದೊಂದು ಮೀಟರ್ ಒತ್ತಿದರೆ 480. 16 ಕಿಲೊ ನೀರನ್ನು 30 ಮೀಟರ್ ಮೇಲೆತ್ತಿದರೂ 480. ತಿಕ್ಕಾಟಕ್ಕೆ, ಬೇರಿಂಗಿಗೆ, ಸವೆದ ವಾಷರಿನ ಸೋರಿಕೆಗೆ ಇನ್ನಷ್ಟು ಸೇರಿಸಿಕೊಳ್ಳಬೇಕೆಂಬುದು ನಿಜ. ಆದರೂ ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ಕೊಡ ತುಂಬುವ ತನಕ ಒತ್ತುಗಳನ್ನು ಎಣಿಸಿ, ಆಮೇಲೆ ಬೋರ್ಡಿನ ಮೇಲೆ ಈ ಎರಡು ಸಂಖ್ಯೆಗಳು ಹತ್ತಿರ ಹತ್ತಿರ ಬಂದಾಗ ಅವರ ಮುಖದಲ್ಲಿ ಮೂಡುವ ಬೆಳಕು, ಮೂರು ವರ್ಗದ ಸನ್ನೆಗಳ ಹೆಸರುಗಳನ್ನು ಬಾಯಿಪಾಠ ಮಾಡಿಸಿದಾಗ ಎಂದೂ ಮೂಡುವುದಿಲ್ಲ. ಅಡಕತ್ತರಿ ಯಾವ ವರ್ಗ, ಇಕ್ಕಳ ಯಾವ ವರ್ಗ ಎಂಬ ಪ್ರಶ್ನೆಗೆ ಒಂದು ಅಂಕ ಸಿಗುತ್ತದೆ. ಭಾರವನ್ನು ಎಷ್ಟು ಇಳಿಸಿದೆವು, ಅದಕ್ಕೆ ದೂರವನ್ನು ಎಷ್ಟು ತೆತ್ತೆವು ಎಂಬ ಪ್ರಶ್ನೆಯನ್ನು ಪರೀಕ್ಷೆಯಲ್ಲಿ ಯಾರೂ ಕೇಳುವುದಿಲ್ಲ. ವರ್ಗೀಕರಣಕ್ಕೆ ಅದರದ್ದೇ ಆದ ಜಾಗವಿದೆ, ಆದರೆ ಅದು ಪಾಠದ ಬಾಗಿಲೇ ಹೊರತು ಮನೆಯಲ್ಲ.

ತುಂಬಿದ ಕೊಡವನ್ನು ಹುಡುಗಿಯರು ಸೊಂಟದ ಮೇಲೆ ಇಟ್ಟುಕೊಳ್ಳುತ್ತಾರೆ, ಹೆಂಗಸರು ತಲೆಯ ಮೇಲೆ ಸಿಂಬೆ ಇಟ್ಟು ಹೊರುತ್ತಾರೆ. ಕೈಚಾಚಿ ಹಿಡಿದು ಯಾರೂ ತರುವುದಿಲ್ಲ. ಮೊಣಕೈಯನ್ನು ಮಡಿಸುವ ಸ್ನಾಯು ಮೊಣಕೈಯ ಕೀಲಿನಿಂದ ಬರೀ ನಾಲ್ಕು ಸೆಂಟಿಮೀಟರಿನ ಆಸುಪಾಸಿನಲ್ಲಿ ಎಲುಬಿಗೆ ಅಂಟಿಕೊಂಡಿದೆ. ಅಂಗೈ ಇರುವುದು 30 ಸೆಂಟಿಮೀಟರಿಗೂ ಆಚೆ. ಹೀಗಾಗಿ ಮೊಣಕೈ ಮಡಿಸಿ ಅಂಗೈಯಲ್ಲಿ 10 ಕಿಲೊ ಹಿಡಿದರೆ ಸ್ನಾಯು ಸುಮಾರು 80 ಕಿಲೊ ಎಳೆಯಬೇಕಾಗುತ್ತದೆ. ನಮ್ಮ ಮೈಯ ಸನ್ನೆಗಳಲ್ಲಿ ಬಹುಪಾಲು ಹೀಗೆ ನಷ್ಟದ ಕಡೆಗೇ ಕಟ್ಟಲ್ಪಟ್ಟಿವೆ. ಬದಲಿಗೆ ಸಿಗುವುದು ವೇಗ ಮತ್ತು ವ್ಯಾಪ್ತಿ: ಸ್ನಾಯು ಒಂದು ಸೆಂಟಿಮೀಟರ್ ಕುಗ್ಗಿದರೆ ಕೈ ಎಂಟು ಸೆಂಟಿಮೀಟರ್ ಬೀಸುತ್ತದೆ. ಕವಣೆ ಬೀಸಲು, ರೊಟ್ಟಿ ತಟ್ಟಲು, ಜೋಳ ಕೇರಲು ಇದು ವರ. ಭಾರ ಎತ್ತಲು ಶಾಪ.

ನಾನು ಇಷ್ಟು ದೂರ ಬಂದದ್ದು ನಿಜವಾಗಿ ಈ ಕೊನೆಯ ಮಾತಿಗಾಗಿ. ಸಿಂಧನೂರು, ಗಂಗಾವತಿಗಳ ಭತ್ತದ ವ್ಯಾಪಾರದಲ್ಲಿ ದರವನ್ನು 75 ಕಿಲೊ ಚೀಲದ ಲೆಕ್ಕದಲ್ಲಿ ಹೇಳುತ್ತಾರೆ. ಆ ಚೀಲವನ್ನು ಲಾರಿಗೆ ಏರಿಸುವವರು ನಮ್ಮ ಹಮಾಲರು. ಒಬ್ಬ ಗಂಡಾಳು ಕೈಯಿಂದ ಸಾಗಿಸುವ ಭಾರ 55 ಕಿಲೊ ಮೀರಬಾರದೆಂದು ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1967ರಲ್ಲೇ ಶಿಫಾರಸು ಮಾಡಿದೆ. ಇಬ್ಬರು ಬಗ್ಗಿ ಒಂದು ಚೀಲವನ್ನು ನೆಲದಿಂದ ಎತ್ತುವ ಗಳಿಗೆಯನ್ನು ನೋಡಿ. ಒಬ್ಬೊಬ್ಬನ ಕೈಗೆ ಸುಮಾರು 37 ಕಿಲೊ. ಅದು ಅವನ ಸೊಂಟದ ಕೀಲಿನಿಂದ 40 ಸೆಂಟಿಮೀಟರ್ ಮುಂದಿದೆ. ಅದನ್ನು ಸರಿತೂಗಿಸಬೇಕಾದ ಬೆನ್ನಿನ ಸ್ನಾಯುಗಳು ಕೀಲಿನಿಂದ ಐದು ಸೆಂಟಿಮೀಟರ್ ಹಿಂದಿವೆ. ಎಂಟು ಪಟ್ಟು, ಅದೂ ತಲೆಕೆಳಗಾದ ಎಂಟು ಪಟ್ಟು: ಬೆನ್ನು 300 ಕಿಲೊ ಎಳೆಯಬೇಕು. ತನ್ನದೇ ಮುಂಡದ ಭಾರ ಇದರ ಮೇಲೆ ಬೇರೆ. ಇಲ್ಲಿ ಅಡಿಗಲ್ಲಿನ ಜಾಗದಲ್ಲಿರುವುದು ಅವನ ಬೆನ್ನೆಲುಬಿನ ಒಂದು ಮೆತ್ತನೆಯ ಬಿಲ್ಲೆ, ಎರಡೂ ಕಡೆಯ ಬಲವನ್ನು ಕೂಡಿ ಹೊರುವುದು ಅದೇ. ಕೈಪಂಪಿನಲ್ಲಿ ನೀರಿಗೆ ಕೊಟ್ಟ ಎಂಟು ಪಟ್ಟಿನ ಲಾಭವನ್ನು ಮಾರುಕಟ್ಟೆಯ ಅಂಗಳದಲ್ಲಿ ನಾವು ಮನುಷ್ಯನ ಬೆನ್ನಿನಿಂದ ಅಷ್ಟೇ ಪಟ್ಟು ಕಿತ್ತುಕೊಳ್ಳುತ್ತಿದ್ದೇವೆ.

ಲಾರಿಗೆ ಹಚ್ಚುವ ಹಲಗೆಯ ವಿಷಯವನ್ನು ನಾನು ಒಮ್ಮೆ ಹಮಾಲರೊಬ್ಬರ ಬಳಿ ಎತ್ತಿದ್ದೆ. ಹಲಗೆ ಉದ್ದವಾದಷ್ಟೂ ಭಾರ ಕಡಿಮೆ ಎಂದು ಪುಸ್ತಕ ಹೇಳುತ್ತದಲ್ಲ ಅಣ್ಣಾ ಎಂದದ್ದಕ್ಕೆ ಅವರು, "ಹಲಗಿ ಉದ್ದ ಇದ್ರ ಮೊಣಕಾಲಿಗೆ ಆರಾಮ ರೀ ಸರ, ಹೆಗಲಿಗೇನೂ ಫರಕ ಇಲ್ಲ" ಎಂದರು. ಎಷ್ಟು ಖಚಿತವಾದ ಮಾತು! ಡ್ರಮ್ಮನ್ನು ಇಳಿಜಾರಿನ ಮೇಲೆ ಉರುಳಿಸಿದರೆ ಅದರ ಭಾರದ ಬಹುಪಾಲನ್ನು ಹಲಗೆ ಹೊರುತ್ತದೆ, ತಳ್ಳುವವನಿಗೆ ಒಂದು ಪಾಲು ಮಾತ್ರ ಉಳಿಯುತ್ತದೆ. ಹೊತ್ತು ನಡೆಯುವವನ ಸಂಗತಿ ಬೇರೆ. ಚೀಲದ 75 ಕಿಲೊ ಮೊದಲ ಹೆಜ್ಜೆಯಿಂದ ಕೊನೆಯ ಹೆಜ್ಜೆಯವರೆಗೆ ಅವನ ಹೆಗಲ ಮೇಲೆಯೇ ಇರುತ್ತದೆ. ಹಲಗೆ ಉದ್ದವಾದಾಗ ಕಡಿಮೆಯಾಗುವುದು ಪ್ರತಿ ಹೆಜ್ಜೆಗೆ ಏರಬೇಕಾದ ಎತ್ತರ. ಇಳಿಜಾರಿನ ನಿಜವಾದ ಲಾಭ ದಕ್ಕಬೇಕಾದರೆ ಚೀಲವು ಹೆಗಲಿನಿಂದ ಇಳಿದು ಗಾಲಿಯ ಮೇಲೆ ಕೂರಬೇಕು.

ಎರಡು ಗಾಲಿಯ ಚೀಲದ ಗಾಡಿಯೊಂದನ್ನು ಅಳೆದು ನೋಡಿ. ಅದನ್ನು ಸರಿಯಾಗಿ ವಾಲಿಸಿ ಹಿಡಿದಾಗ ಚೀಲದ ಭಾರವು ಅಚ್ಚಿನಿಂದ 15 ಸೆಂಟಿಮೀಟರ್ ಈಚೆಗೆ ಬೀಳುತ್ತದೆ, ಹಿಡಿಕೆ ಅಚ್ಚಿನಿಂದ 120 ಸೆಂಟಿಮೀಟರ್ ದೂರವಿರುತ್ತದೆ ಎಂದುಕೊಂಡರೆ, 75 ಕಿಲೊ ಚೀಲಕ್ಕೆ ಕೈ ಹೊರಬೇಕಾದದ್ದು ಸುಮಾರು ಒಂಬತ್ತೂವರೆ ಕಿಲೊ ಮಾತ್ರ. ಉಳಿದದ್ದನ್ನೆಲ್ಲ ಅಚ್ಚು ಹೊರುತ್ತದೆ. ಇಂಥ ಗಾಡಿಗಳು ಅಪರೂಪವೇನಲ್ಲ, ಬಸ್ ನಿಲ್ದಾಣದ ಪಾರ್ಸಲ್ ಕಚೇರಿಯಲ್ಲೂ ಕಾಣುತ್ತವೆ. ಆದರೆ ಅಂಗೈಯಷ್ಟು ಅಗಲದ ಗಾಲಿಗಳು ಒಡೆದ ಪರಸಿಯ ಮೇಲೆ, ಹೊಂಡ ಬಿದ್ದ ಅಂಗಳದಲ್ಲಿ ಉರುಳುವುದಿಲ್ಲ. ಪ್ರತಿ ಬಿರುಕಿಗೂ ನಿಲ್ಲುವ ಗಾಡಿಯನ್ನು ಬಿಟ್ಟು ಹಮಾಲ ಮತ್ತೆ ಹೆಗಲನ್ನೇ ಕೊಡುತ್ತಾನೆ, ಏಕೆಂದರೆ ಅವನಿಗೆ ಕೂಲಿ ಸಿಗುವುದು ಚೀಲದ ಲೆಕ್ಕದಲ್ಲಿ, ಗಂಟೆಯ ಲೆಕ್ಕದಲ್ಲಲ್ಲ. ಹಾಗಾಗಿ ಗಾಡಿ ಹಂಚಿ ಕೈತೊಳೆದುಕೊಂಡರೆ ಸಾಲದು. ಗೋದಾಮಿನಿಂದ ಲಾರಿ ನಿಲ್ಲುವ ಜಾಗದವರೆಗೆ ಬಿರುಕಿಲ್ಲದ ಕಾಂಕ್ರೀಟ್ ನೆಲ ಬೇಕು, ಗಾಲಿಗಳು ಕನಿಷ್ಠ ಒಂದು ಅಡಿ ಎತ್ತರದವಾಗಿರಬೇಕು, ಲಾರಿಯ ತಳದ ಮಟ್ಟಕ್ಕೆ ಸರಿಯಾಗಿ ಕಟ್ಟೆಯನ್ನು ಎಬ್ಬಿಸಬೇಕು, ಆ ಕಟ್ಟೆಗೆ ಅಂಗಳದ ಕಡೆಯಿಂದ ಹತ್ತಕ್ಕೆ ಒಂದಕ್ಕಿಂತ ಕಡಿದಾಗದ ಇಳಿಜಾರು ಇರಬೇಕು, ಮತ್ತು ಚೀಲವೇ 75ರಿಂದ 50 ಕಿಲೊಗೆ ಇಳಿಯಬೇಕು. ನಾಲ್ಕು ಅಡಿ ಎತ್ತರದ ಕಟ್ಟೆಗೆ 40 ಅಡಿ ಇಳಿಜಾರು ಬೇಕಾಗುತ್ತದೆ. ಅಷ್ಟು ಜಾಗ ನಮ್ಮ ಮಾರುಕಟ್ಟೆಗಳ ಅಂಗಳದಲ್ಲಿ ಧಾರಾಳವಾಗಿ ಇದೆ.